ಸ್ನಾನದ ನೀರಿಗೆ ಹೀಟ್ ಪಂಪ್: ನಿಮ್ಮ ಪ್ರಶ್ನೆಗೆ ಮೆಕ್ಯಾನಿಕ್ ಉತ್ತರ

ಕದ್ರಿ ಸದಸ್ಯ: ಸರ್, ಹೀಟ್ ಪಂಪ್ ಚಳಿ ದೇಶದವರು ಮನೆ ಬೆಚ್ಚಗಿಡಲು ಹಾಕುವುದು ಅಲ್ವಾ? ಮಂಗಳೂರಿನ ಸೆಕೆಗೆ ಯಾಕೆ?

ಮೆಕ್ಯಾನಿಕ್: ನಾರ್ವೆಯಲ್ಲಿ ಮನೆಗೆ, ನಮ್ಮಲ್ಲಿ ಸ್ನಾನದ ನೀರಿಗೆ. ಇದು ಹೊರಗಿನ ಗಾಳಿಯ ಶಾಖ ಎಳೆದು ನೀರಿಗೆ ಕೊಡುತ್ತದೆ, ಹಾಗಾಗಿ ಸೆಕೆ ಇದ್ದಷ್ಟೂ ಒಳ್ಳೆಯದು. 200 ಲೀಟರ್ ನೀರು 25 ಡಿಗ್ರಿಯಿಂದ 55ಕ್ಕೆ ಏರಲು ಗೀಸರ್‌ಗೆ ಸುಮಾರು 7 ಯೂನಿಟ್ ಬೇಕು. ಇದಕ್ಕೆ ಎರಡೂವರೆ ಆಸುಪಾಸು ಸಾಕು.

ಬ್ರಹ್ಮಾವರ ಸದಸ್ಯೆ: ಮಳೆಗಾಲದಲ್ಲಿ ಆಗುತ್ತಾ?

ಮೆಕ್ಯಾನಿಕ್: ಆಗುತ್ತದೆ. ಬಿಸಿಲು ಬೇಡ, ಗಾಳಿ ಸಾಕು.

ಕಾಪು ಸದಸ್ಯೆ: ನಮ್ಮಲ್ಲಿ ಹೀಟ್ ಪಂಪ್ ಇದೆ, ಬೋರ್‌ವೆಲ್ ನೀರು. ಮಳೆ ಶುರುವಾದ ಮೇಲೆ ಇಎಲ್‌ಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ದಿನಾ ಬೀಳುತ್ತಿತ್ತು. ವಯರಿಂಗ್‌ನವರು ಬಂದು ಬೈಪಾಸ್ ಮಾಡಿ ಹೋದರು. ಈಗ ಬೀಳುವುದಿಲ್ಲ, ಆದರೆ ನಲ್ಲಿ ಮುಟ್ಟಿದರೆ ಜುಮ್ ಅನ್ನುತ್ತದೆ.

ಮೆಕ್ಯಾನಿಕ್: ಅಕ್ಕಾ, ಇದನ್ನು ಓದಿದ ಕೂಡಲೇ ಮೇನ್ ಸ್ವಿಚ್ ಆಫ್ ಮಾಡಿ. ಆ ಬಚ್ಚಲಲ್ಲಿ ಯಾರೂ ಸ್ನಾನ ಮಾಡುವುದು ಬೇಡ. ಎಲ್ಲೋ ಕರೆಂಟ್ ಸೋರುತ್ತಿದೆ, ಅದಕ್ಕೇ ಇಎಲ್‌ಸಿಬಿ ಬೀಳುತ್ತಿದ್ದದ್ದು. ಮನೆಯದ್ದು 30 ಮಿಲಿಆಂಪ್ ಸೋರಿದರೆ ಕಟ್ ಮಾಡುತ್ತದೆ, ಅದಕ್ಕಿಂತ ಜಾಸ್ತಿ ಮೈಯಲ್ಲಿ ಹರಿದರೆ ಜೀವವೇ ಹೋಗಬಹುದು. ನನಗೆ ಟ್ಯಾಂಕಿನೊಳಗಿನ ಬ್ಯಾಕಪ್ ಕಾಯಿಲ್ (ಗೀಸರ್‌ನಲ್ಲಿರುವಂಥ ಕರೆಂಟ್ ಕಾಯಿಲ್) ಮೇಲೆ ಅನುಮಾನ. ಗಡಸು ನೀರಿನ ಬಿಳಿ ಪದರ ಕಟ್ಟಿದರೆ ಕಾಯಿಲ್ ಅತಿಯಾಗಿ ಕಾದು ಬಿರುಕು ಬಿಡುತ್ತದೆ, ನೀರು ಒಳಹೊಕ್ಕು ಕರೆಂಟ್ ಹೊರಬರುತ್ತದೆ. ಹೊರಗಿನ ಟರ್ಮಿನಲ್ ಬಾಕ್ಸ್‌ಗೆ ಮಳೆನೀರು ಇಳಿದಿರಲೂಬಹುದು. ನಲ್ಲಿಯಲ್ಲಿ ಜುಮ್ ಅಂದರೆ ಅರ್ತಿಂಗ್ ಕೂಡ ಸರಿ ಇಲ್ಲ. ಲೈಸೆನ್ಸ್ ಇದ್ದವರನ್ನು ಕರೆಸಿ, ಮೆಗ್ಗರ್ (ಸೋರಿಕೆ ಪತ್ತೆ ಮಾಡುವ ಮೀಟರ್) ಹಾಕಿ ನೋಡಲು ಹೇಳಿ. ಇಎಲ್‌ಸಿಬಿ ಮೊದಲಿನ ಹಾಗೆ ಕೂರಿಸದೆ ಆನ್ ಮಾಡಬೇಡಿ.

ಉಳ್ಳಾಲ ಸದಸ್ಯ: ಫಾರ್ವರ್ಡ್ ಬಂದದ್ದು: ಉಪ್ಪುಗಾಳಿಗೆ ತುಕ್ಕು ಹಿಡಿಯದ ಹಾಗೆ ಫಿನ್‌ಗೆ (ಗಾಳಿಯ ಶಾಖ ಹೀರುವ ತೆಳು ಲೋಹದ ಪಟ್ಟಿಗಳಿಗೆ) ತೆಂಗಿನೆಣ್ಣೆ ಹಚ್ಚಿ, ಟ್ಯಾಂಕಿಗೆ ಆಸಿಡ್ ಹಾಕಿ ತೊಳೆಯಿರಿ, ಹೊರಗಿನ ಯಂತ್ರಕ್ಕೆ ಟಾರ್ಪಲ್ ಸುತ್ತಿ.

ಮೆಕ್ಯಾನಿಕ್: ಇಂಥದ್ದನ್ನು ಹಾಕಬೇಡಿ ಎಂದು ಎಷ್ಟು ಸಲ ಹೇಳುವುದು? ಎಣ್ಣೆಗೆ ಧೂಳು ಅಂಟಿ ಗಾಳಿ ಕಟ್ಟುತ್ತದೆ. ಆಸಿಡ್ ಟ್ಯಾಂಕನ್ನೇ ತಿನ್ನುತ್ತದೆ. ಟಾರ್ಪಲ್ ಸುತ್ತಿದರೆ ಗಾಳಿ ಎಲ್ಲಿಂದ ಬರಬೇಕು? ಆಫ್ ಮಾಡಿ ಸಿಹಿನೀರಲ್ಲಿ ಫಿನ್ ತೊಳೆಯಿರಿ. ಟ್ಯಾಂಕಿಗೆ ತುಕ್ಕು ಹಿಡಿಯದ ಹಾಗೆ ಒಳಗೆ ಹಾಕಿರುವ ಮೆಗ್ನೀಶಿಯಂ ರಾಡ್ ವರ್ಷಕ್ಕೊಮ್ಮೆ ನೋಡಿಸಿ. ಅಷ್ಟೇ.

ಕಾರ್ಕಳ ಸದಸ್ಯ: ಹಂಡೆ ಒಲೆ ಇರುವಾಗ ಇದೆಲ್ಲ ಯಾಕೆ? ತೋಟದ ಸೋಗೆಗೆ ದುಡ್ಡಿಲ್ಲ.

ಕದ್ರಿ ಸದಸ್ಯ: ಆರನೇ ಮಹಡಿಯಲ್ಲಿ ಸೋಗೆ ಉರಿಸುವುದಾ ಮಾರಾಯ್ರೆ?

ಕಾರ್ಕಳ ಸದಸ್ಯ: ಫ್ಲಾಟ್ ಸುದ್ದಿ ಯಾರು ಎತ್ತಿದ್ದು? ನಿಮ್ಮ ಕರೆಂಟೂ ಕಲ್ಲಿದ್ದಲು ಸುಟ್ಟೇ ಬರುವುದು. ಪಡುಬಿದ್ರಿ ಕಡೆಯ ಕಲ್ಲಿದ್ದಲು ವಿದ್ಯುತ್ ಸ್ಥಾವರ ಹೋಗಿ ನೋಡಿ.

ಬ್ರಹ್ಮಾವರ ಸದಸ್ಯೆ: ಒಲೆ ಊದಿ ಹೊಗೆ ಕುಡಿಯುವುದು ಮನೆಯ ಹೆಂಗಸರು, ನೀವಲ್ಲ.

ಮೆಕ್ಯಾನಿಕ್: ಕಲ್ಲಿದ್ದಲಿನ ಕರೆಂಟೇ ಆದರೂ ಗೀಸರ್‌ನ ಮೂರರಲ್ಲಿ ಒಂದು ಪಾಲು ಸಾಕು, ಸುಡುವುದೂ ಅಷ್ಟೇ ಕಡಿಮೆ. ಜಗಳ ಬೇರೆ ಕಡೆ ಆಡಿ.

ಸುರತ್ಕಲ್ ಸದಸ್ಯ: ಹಳೆ ಗೀಸರ್ ಎಕ್ಸ್‌ಚೇಂಜ್‌ಗೆ ತಗೊಳ್ತಾರಾ?

ಮಲ್ಪೆ ಸದಸ್ಯ: ಮಳೆಗಾಲದಲ್ಲಿ ಕೆಲಸ ಮಾಡುತ್ತಾ ಸರ್?

ಮೆಕ್ಯಾನಿಕ್: ಮೇಲೆ ಓದಿ.

ಕಾರ್ಕಳ ಸದಸ್ಯ: ನಮ್ಮ ಮನೆಯಲ್ಲಿ ಒಲೆ ಹಾಕುವುದು ನಾನೇ. ಗೊತ್ತಿಲ್ಲದೆ ಮಾತಾಡಬೇಡಿ.

ಮೆಕ್ಯಾನಿಕ್: ಕಾಪು ಅಕ್ಕಾ, ಆಫ್ ಮಾಡಿದ್ರಾ?

ಕಾಪು ಸದಸ್ಯೆ: ಮಾಡಿದೆ. ಮೇಲಿನ ಬಾಡಿಗೆಯವರಿಗೂ ಇದೇ ಟ್ಯಾಂಕಿನ ನೀರು.

ಮೆಕ್ಯಾನಿಕ್: ಅವರಿಗೂ ಈಗಲೇ ಹೇಳಿ. ರಿಪೇರಿ ಆಗುವವರೆಗೆ ಯಾರೂ ಆನ್ ಮಾಡಬಾರದು.