ಅಪ್‌ಡೇಟ್: ಸಾಲ ಮಾಡಿ ಎಂಎಸ್ ಮಾಡಲಾ, ಇಲ್ಲೇ ಎಂಟೆಕ್ ಮಾಡಲಾ ಅಂತ ಕೇಳಿದ್ದೆ

ಎಲೆಕ್ಟ್ರಿಕಲ್ ಬಿಇ ಆಗಿದೆ, ಪವರ್ ಎಲೆಕ್ಟ್ರಾನಿಕ್ಸ್ ಓದಬೇಕು, ಮನೆ ಅಡವಿಟ್ಟು ಅಮೆರಿಕಕ್ಕೆ ಹೋಗಲಾ, ಜರ್ಮನಿಗಾ, ಇಲ್ಲೇ ಇರಲಾ ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್. ಬೆಂಗಳೂರಿನ ಐಐಎಸ್‌ಸಿ ಸೇರುತ್ತಿದ್ದೇನೆ, ಎಂಟೆಕ್‌ಗೆ.

ಅಮೆರಿಕ ಬಿಟ್ಟಿದ್ದು ದುಡ್ಡಿನ ಕಾರಣಕ್ಕೇ. ಅಲ್ಲಿ ಪಿಎಚ್‌ಡಿಗೆ ಸಾಮಾನ್ಯವಾಗಿ ಫೀಸ್ ಮನ್ನಾ ಮಾಡಿ ಸ್ಟೈಪೆಂಡನ್ನೂ ಕೊಡುತ್ತಾರೆ, ಎಂಎಸ್‌ಗೆ ಹೆಚ್ಚಿನವರು ಕೈಯಿಂದಲೇ ಹಾಕಬೇಕು. ಸಾಲದ ಕಂತು ಓದು ಮುಗಿದ ಮೇಲೆ ಶುರುವಾದರೂ ಬಡ್ಡಿ ಮೊದಲ ದಿನದಿಂದಲೇ ಬೆಳೆಯುತ್ತದೆ. ಶಿಕ್ಷಣ ಸಾಲಕ್ಕೆ ಆದಾಯ ತೆರಿಗೆಯಲ್ಲಿ 80ಇ ವಿನಾಯಿತಿ ಇದೆಯಲ್ಲ ಅಂತ ಒಬ್ಬರು ಹೇಳಿದ್ದರು, ಆದರೆ ಅದು ಬಡ್ಡಿಗೆ ಮಾತ್ರ, ಅದೂ ಹಳೇ ತೆರಿಗೆ ಪದ್ಧತಿ ಆರಿಸಿದರೆ, ಹೆಚ್ಚೆಂದರೆ 8 ವರ್ಷ. ಅಸಲು ಕಟ್ಟಿದ್ದಕ್ಕೆ ಯಾವ ವಿನಾಯಿತಿಯೂ ಇಲ್ಲ.

ಜರ್ಮನಿ ನಿಜಕ್ಕೂ ಇಷ್ಟವಾಗಿತ್ತು. ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ಆದರೆ ಕಾರ್ಲ್ಸ್‌ರೂಹ, ಸ್ಟುಟ್‌ಗಾರ್ಟ್ ಕಡೆ ಯುರೋಪಿಯನ್ ಒಕ್ಕೂಟದ ಹೊರಗಿನ ನಮ್ಮಂಥವರಿಗೆ ಸೆಮಿಸ್ಟರ್‌ಗೆ 1,500 ಯೂರೋ ಇದೆ, ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯ (ಟಿಯು) ಕೂಡ 2024ರಿಂದ ಶುಲ್ಕ ಶುರು ಮಾಡಿದೆ, ಅದರ ಮೇಲೆ ವೀಸಾಗೆ ಮೊದಲೇ ಬ್ಲಾಕ್ಡ್ ಅಕೌಂಟ್‌ನಲ್ಲಿ (ತಿಂಗಳಿಗೆ ಇಷ್ಟೇ ಅಂತ ತೆಗೆಯಬಹುದಾದ ಖಾತೆ) ವರ್ಷದ ಖರ್ಚು, ನಾನು ನೋಡಿದಾಗ 11,904 ಯೂರೋ, ಇಡಬೇಕು. ಅಷ್ಟು ನಗದು ನಮ್ಮಲ್ಲಿಲ್ಲ.

ಇಲ್ಲಿ ಗೇಟ್ (ಎಂಟೆಕ್ ಪ್ರವೇಶಕ್ಕೆ ಬರೆಯುವ ಪರೀಕ್ಷೆ) ಮೂಲಕ ಸೇರಿದರೆ ಸ್ಟೈಪೆಂಡ್ ಅಂತ ತಿಂಗಳಿಗೆ 12,400 ರೂಪಾಯಿ ಬರುತ್ತದೆ. ಜಾಸ್ತಿ ಏನಲ್ಲ, ಆದರೆ ಹಾಸ್ಟೆಲ್ ಸಿಕ್ಕರೆ ಸಾಕು. ಮುಖ್ಯವಾಗಿ, ಇನ್ವರ್ಟರ್ ಮತ್ತು ಮೋಟಾರ್ ಡ್ರೈವ್ ಮೇಲೆ ಕೆಲಸ ಮಾಡುವ ಒಳ್ಳೇ ಲ್ಯಾಬ್ ಇದೆ, ನನಗೆ ಬೇಕಿದ್ದದ್ದೇ ಅದು ಅಲ್ವಾ! ಮುಂದೆ ಪಿಎಚ್‌ಡಿಗೆ ಹೊರಗೆ ಹೋಗುವ ದಾರಿಯೂ ತೆರೆದೇ ಇರುತ್ತದೆ.

ಗೇಟ್ ಸ್ಕೋರ್ 3 ವರ್ಷ ನಡೆಯುತ್ತದೆ. ಈ ಸಲ ಬರೆದವರು ಸುಮ್ನೆ ಸಾಲಕ್ಕೆ ಸಹಿ ಹಾಕುವ ಮೊದಲು ಸೀಟಿನ ಆಫರ್‌ಗಳನ್ನು ನೋಡಿ.