ವೇಬ್ರಿಡ್ಜ್ ಕೋಣೆಯ ಲಿನಕ್ಸ್ ಕಂಪ್ಯೂಟರ್ ಹ್ಯಾಂಗ್ ಆಗುತ್ತಿದೆ: ಸೀರಿಯಲ್ ಕಾರ್ಡಿಗೂ ಹೊಸ ಲ್ಯಾನ್ ಕಾರ್ಡಿಗೂ ಹೊಂದುತ್ತಿಲ್ಲವೇ?

ಎಡದಂಡೆ, ಗಂಗಾವತಿ

ಎಲ್ಲರಿಗೂ ನಮಸ್ಕಾರ. ಗಂಗಾವತಿಯ ಒಂದು ಅಕ್ಕಿ ಗಿರಣಿಯಲ್ಲಿ ಕಂಪ್ಯೂಟರ್‌ಗಳ ಉಸ್ತುವಾರಿ ನೋಡಿಕೊಳ್ಳುತ್ತೇನೆ. ಭತ್ತದ ಲಾರಿ, ಟ್ರ್ಯಾಕ್ಟರ್ ತೂಗುವ ವೇಬ್ರಿಡ್ಜ್ ಕೋಣೆಯಲ್ಲಿ ಡೆಬಿಯನ್ ಲಿನಕ್ಸ್ ಹಾಕಿದ ಹಳೆಯ ಡೆಸ್ಕ್‌ಟಾಪ್ ಇದೆ. ತೂಕದ ಇಂಡಿಕೇಟರ್‌ನಿಂದ ಬರುವ ಕೇಬಲ್ಲನ್ನು ಪಿಸಿಐ ಸ್ಲಾಟಿನಲ್ಲಿರುವ ಸೀರಿಯಲ್ ಕಾರ್ಡಿಗೆ ಜೋಡಿಸಲಾಗಿದೆ. ಅಲ್ಲಿಂದ ಬಂದ ತೂಕ ಪರದೆಯ ಮೇಲೆ ಮೂಡಿ, ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನಲ್ಲಿ ಚೀಟಿಯಾಗಿ ಹೊರಬರುತ್ತದೆ. ಈ ಏರ್ಪಾಡು ವರ್ಷಗಟ್ಟಲೆ ತಕರಾರಿಲ್ಲದೆ ನಡೆದಿತ್ತು.

ಹಿಂಗಾರಿನ ಗುಡುಗು ಮಳೆಯಲ್ಲಿ ಬಡಿದ ಸಿಡಿಲಿಗೆ ಮದರ್‌ಬೋರ್ಡಿನಲ್ಲೇ ಇದ್ದ ಲ್ಯಾನ್ ಪೋರ್ಟ್ ಕೆಟ್ಟಿತು. ರಿಪೇರಿಗೆ ಬಂದವರು ಖಾಲಿ ಇದ್ದ ಇನ್ನೊಂದು ಪಿಸಿಐ ಸ್ಲಾಟಿಗೆ ಲ್ಯಾನ್ ಕಾರ್ಡ್ ಹಾಕಿದರು. ಹಳೆಯ ಪೋರ್ಟಿನ ಡ್ರೈವರ್ ಮೇಲಿಂದ ಮೇಲೆ ದೋಷದ ಸಂದೇಶ ಕೊಡುತ್ತಿದ್ದುದರಿಂದ ಅದನ್ನು ಬ್ಲ್ಯಾಕ್‌ಲಿಸ್ಟ್ ಮಾಡಿ, ಅಂದರೆ ಲೋಡ್ ಆಗದಂತೆ ತಡೆದು, ಹೋದರು. ಅಂದಿನಿಂದ ಕಂಪ್ಯೂಟರ್ ಹ್ಯಾಂಗ್ ಆಗುತ್ತಿದೆ. ಮೊದಲು ಒಂದೆರಡು ಕ್ಷಣ ಎಲ್ಲವೂ ಸ್ತಬ್ಧವಾಗುತ್ತದೆ. ಆಮೇಲೆ ಮೌಸ್‌ನ ಬಾಣ ಜಿಗಿಯುತ್ತಾ ಜಿಗಿಯುತ್ತಾ ಚಲಿಸುತ್ತದೆ, ಕೀಬೋರ್ಡಿನಲ್ಲಿ ಒತ್ತಿದ ಅಕ್ಷರ ತಡವಾಗಿ ಮೂಡುತ್ತದೆ, ಕೆಲವೊಮ್ಮೆ ಮೂಡುವುದೇ ಇಲ್ಲ. ಗೋಡೆಯ ಮೇಲಿನ ಇಂಡಿಕೇಟರ್‌ನಲ್ಲಿ ತೂಕ ಸರಿಯಾಗಿಯೇ ಇರುತ್ತದೆ, ಪರದೆಯಲ್ಲಿ ಮಾತ್ರ ಅರ್ಧಂಬರ್ಧ ಅಂಕಿಗಳು ಬರುತ್ತವೆ. ಪವರ್ ಬಟನ್ ಒತ್ತಿ ಹಿಡಿದು ಆರಿಸಿ ಮತ್ತೆ ಹಚ್ಚುವುದೊಂದೇ ಸದ್ಯದ ದಾರಿಯಾಗಿದೆ. ಸುಗ್ಗಿ ಶುರುವಾಗಿದ್ದು, ಗೇಟಿನ ಹೊರಗೆ ವಾಹನಗಳ ಸಾಲು ನಿಂತಿರುವಾಗ ಚೀಟಿ ಸಿಗದಿದ್ದರೆ ರೈತರೂ ಹಮಾಲರೂ ಕಾಯುತ್ತಾ ಕೂರಬೇಕಾಗುತ್ತದೆ.

ಎರಡೂ ಕಾರ್ಡುಗಳ ನಡುವೆ ತಿಕ್ಕಾಟವಿದೆ ಎಂಬುದು ನನ್ನ ಅನುಮಾನ. ಅದನ್ನು ಖಚಿತಪಡಿಸಿಕೊಳ್ಳುವ ಕ್ರಮವನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಬೋರ್ಡ್‌ರಿಪೇರಿ, ಬಳ್ಳಾರಿ

ಎಡದಂಡೆ ಅವರೇ, ನಮ್ಮ ಬಳ್ಳಾರಿ ಕಡೆ ಹ್ಯಾಂಗ್ ಆಗುತ್ತದೆ ಎಂದು ಬರುವ ಯಂತ್ರಗಳಲ್ಲಿ ಬಹುಪಾಲು ಬಿಸಿಲು ಮತ್ತು ಧೂಳಿನ ಪ್ರಕರಣಗಳೇ ಆಗಿರುತ್ತವೆ. ಅದಿರಿನ ಕೆಂಪು ಧೂಳು ಫ್ಯಾನಿಗೆ ಮೆತ್ತಿಕೊಂಡು ಪ್ರೊಸೆಸರ್ ಬಿಸಿಯಾಗುತ್ತದೆ. ಇಲ್ಲವೇ ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್ ಸೋತಿರುತ್ತದೆ. ನಿಮ್ಮಲ್ಲಿ ತೌಡು, ಹೊಟ್ಟಿನ ಧೂಳು ಇರುವುದರಿಂದ ಒಮ್ಮೆ ಬ್ಲೋವರ್ ಹಿಡಿಸುವುದು ಒಳ್ಳೆಯದೇ. ಆದರೆ ನೀವು ಹೇಳಿದ ಲಕ್ಷಣ ಕಾವಿನದಲ್ಲ. ಕಾವಿಗೆ ನಿಂತ ಯಂತ್ರ ಸಾಮಾನ್ಯವಾಗಿ ಪೂರ್ತಿ ನಿಲ್ಲುತ್ತದೆ ಇಲ್ಲವೇ ತಾನಾಗಿ ಆರಿಹೋಗುತ್ತದೆ. ಬಾಣವನ್ನು ಜಿಗಿಸುತ್ತಾ ಕೂರುವುದಿಲ್ಲ.

ಆದ್ದರಿಂದ ಮೊದಲು ತಿಳಿಯಬೇಕಾದದ್ದು, ನಿಂತಿರುವುದು ಕಂಪ್ಯೂಟರೋ ಅಥವಾ ಅದರ ಕೈಕಾಲೋ ಎಂಬುದು. ಮುಂದಿನ ಬಾರಿ ಹೀಗಾದಾಗ ಪವರ್ ಬಟನ್ನಿಗೆ ಕೈ ಹಾಕಬೇಡಿ. ಪರದೆಯ ಮೂಲೆಯ ಗಡಿಯಾರ ನಡೆಯುತ್ತಿದೆಯೇ ನೋಡಿ. ಕಚೇರಿಯ ಇನ್ನೊಂದು ಕಂಪ್ಯೂಟರಿನಿಂದ ಪಿಂಗ್ ಮಾಡಿ (ಯಂತ್ರ ಓಗೊಡುತ್ತದೆಯೇ ಎಂದು ನೋಡುವ ಆಜ್ಞೆ), ಉತ್ತರ ಬಂದರೆ ದೂರದಿಂದ ಲಾಗಿನ್ ಆಗುವ ಎಸ್‌ಎಸ್‌ಎಚ್ ಮೂಲಕ ಒಳಹೋಗಿ. ಬೋರ್ಡಿನ ಹಿಂದೆ ನೇರಳೆ ಬಣ್ಣದ ಪಿಎಸ್/2 ರಂಧ್ರವಿದ್ದರೆ ಹಳೆಯ ಗುಂಡು ಪಿನ್ನಿನ ಕೀಬೋರ್ಡನ್ನು ಬೂಟ್ ಆಗುವ ಮೊದಲೇ ಚುಚ್ಚಿಡಿ. ಅದರ ಇಂಟರಪ್ಟ್ (ಸಾಧನವೊಂದು ಪ್ರೊಸೆಸರನ್ನು ಕರೆಯುವ ಸಂಕೇತ) ಸಂಖ್ಯೆ 1 ಅದಕ್ಕೇ ಮೀಸಲಾಗಿರುವುದರಿಂದ, ಯುಎಸ್‌ಬಿ ಕೈಕೊಟ್ಟಾಗಲೂ ಅದು ಕೆಲಸ ಮಾಡುವ ಸಂಭವ ಹೆಚ್ಚು. ಕ್ಯಾಪ್ಸ್ ಲಾಕ್ ದೀಪ ಹತ್ತುತ್ತದೆಯೇ ಎಂದು ನೋಡುವ ರೂಢಿಯಿದೆಯಲ್ಲ, ಯುಎಸ್‌ಬಿ ಕೀಬೋರ್ಡಿನಲ್ಲಿ ಅದನ್ನು ನಂಬಬಾರದು. ಲಿನಕ್ಸ್‌ನ ತಿರುಳಾದ ಕರ್ನಲ್ ಬದುಕಿದ್ದರೂ ಯುಎಸ್‌ಬಿ ಸತ್ತಿದ್ದರೆ ದೀಪ ಹತ್ತುವುದಿಲ್ಲ.

ಲಾಗ್ ಬಗ್ಗೆ ಒಂದು ಮಾತು. /ವಾರ್/ಲಾಗ್/ಜರ್ನಲ್ ಎಂಬ ಫೋಲ್ಡರ್ ಇಲ್ಲದಿದ್ದರೆ ಅದನ್ನು ಸೃಷ್ಟಿಸಿ ಒಮ್ಮೆ ರೀಬೂಟ್ ಮಾಡಿ, ಇಲ್ಲವಾದರೆ ಹಿಂದಿನ ಬೂಟ್‌ನ ಜರ್ನಲ್ (ಸಂದೇಶಗಳ ದಾಖಲೆ) ಉಳಿಯುವುದಿಲ್ಲ. ಆನಂತರ ‘ಜರ್ನಲ್‌ಸಿಟಿಎಲ್ -ಕೆ -ಬಿ -1’ ಎಂದು ಕೊಟ್ಟರೆ ಹಿಂದಿನ ಬೂಟ್‌ನ ಕರ್ನಲ್ ಸಂದೇಶಗಳು ಸಿಗುತ್ತವೆ. ಸಾಮಾನ್ಯ ಸಂದೇಶಗಳನ್ನು ಜರ್ನಲ್ 5 ನಿಮಿಷಕ್ಕೊಮ್ಮೆ ಮಾತ್ರ ಡಿಸ್ಕಿಗೆ ಖಾತರಿಯಾಗಿ ಬರೆಯುತ್ತದೆ. ಬಟನ್ ಒತ್ತಿ ಆರಿಸಿದಾಗ ನಮಗೆ ಬೇಕಾದ ಕೊನೆಯ ಸಾಲುಗಳೇ ಕಳೆದುಹೋಗಬಹುದು.

ಎಡದಂಡೆ, ಗಂಗಾವತಿ

ಸರ್, ತಾವು ಹೇಳಿದಂತೆಯೇ ಮಾಡಿದೆ. ಹ್ಯಾಂಗ್ ಆದಾಗ ಗಡಿಯಾರ ನಡೆಯುತ್ತಲೇ ಇತ್ತು. ಪಿಎಸ್/2 ಕೀಬೋರ್ಡ್ ಯಾವ ತಡವೂ ಇಲ್ಲದೆ ಕೆಲಸ ಮಾಡಿತು. ಪಿಂಗ್‌ಗೆ ಉತ್ತರ ಬರುತ್ತಿತ್ತು, ಆದರೆ ಪಕ್ಕದ ಕೋಣೆಯ ಯಂತ್ರದಿಂದ ಒಂದು ಮಿಲಿಸೆಕೆಂಡಿನೊಳಗೆ ಬರಬೇಕಾದದ್ದು 20, 70, 95 ಎಂದು ಹೇಗೆಂದರೆ ಹಾಗೆ ಬರುತ್ತಿತ್ತು. ನೂರನ್ನು ಮಾತ್ರ ದಾಟುತ್ತಿರಲಿಲ್ಲ. ಕರ್ನಲ್ ಲಾಗಿನಲ್ಲಿ ಸಿಕ್ಕ ಸಾಲು: ‘ಐಆರ್‌ಕ್ಯೂ 16: ನೋಬಡಿ ಕೇರ್ಡ್’, ಅಂದರೆ 16ನೇ ಇಂಟರಪ್ಟ್‌ಗೆ ಯಾರೂ ಓಗೊಡಲಿಲ್ಲ ಎಂದು. ಅದರ ಕೆಳಗೆ ‘ಹ್ಯಾಂಡ್ಲರ್ಸ್’ ಎಂಬ ಶೀರ್ಷಿಕೆಯಡಿ ಯುಎಸ್‌ಬಿ, 8250 ಸೀರಿಯಲ್ ಹಾಗೂ ಹೊಸ ಲ್ಯಾನ್ ಕಾರ್ಡಿನ ಹೆಸರುಗಳಿವೆ. ಕೊನೆಯಲ್ಲಿ ‘ಡಿಸೇಬ್ಲಿಂಗ್ ಐಆರ್‌ಕ್ಯೂ #16’ ಎಂದಿದೆ. /ಪ್ರಾಕ್/ಇಂಟರಪ್ಟ್ಸ್ ಫೈಲಿನಲ್ಲಿಯೂ 16ನೇ ಸಾಲಿನ ಮುಂದೆ ಇದೇ ಮೂರು ಹೆಸರುಗಳು.

ಹಾಗಾದರೆ ಎರಡರಲ್ಲಿ ಒಂದು ಕಾರ್ಡನ್ನು ತೆಗೆಯಲೇಬೇಕೇ? ಸುಟ್ಟ ಪೋರ್ಟಿನಲ್ಲಿ ಕೇಬಲ್ ಇಲ್ಲದಿದ್ದರೂ ಅದರ ಹಸಿರು ದೀಪ ಆಗಾಗ ಮಿನುಗುತ್ತದೆ. ಇದಕ್ಕೂ ಅದಕ್ಕೂ ಸಂಬಂಧ ಇದೆಯೋ ಇಲ್ಲವೋ ತಿಳಿಯದು, ಕಂಡದ್ದನ್ನು ಬರೆದಿದ್ದೇನೆ.

ಮಿಂಟ್‌ಬಳಕೆದಾರ, ಸಿಂಧನೂರು

ಬೂಟ್ ಆಗುವಾಗ ಬರುವ ಗ್ರಬ್ ಮೆನುವಿನಲ್ಲಿ ‘ಇ’ ಒತ್ತಿ, ‘ಲಿನಕ್ಸ್’ ಎಂದು ಆರಂಭವಾಗುವ ಸಾಲಿನ ಕೊನೆಗೆ ‘ಐಆರ್‌ಕ್ಯೂಪೋಲ್’ ಎಂದು ಸೇರಿಸಿ ಬೂಟ್ ಮಾಡಿ ನೋಡಿ. ಕರ್ನಲ್ ತಾನೇ ಆ ಸಂದೇಶದಲ್ಲಿ ಇದನ್ನು ಸೂಚಿಸುತ್ತದೆ. ಅದರಿಂದ ಆಗದಿದ್ದರೆ ‘ನೋಎಪಿಕ್’ ಹಾಕಿ. ಸುಗ್ಗಿಯ ಹೊತ್ತಿನಲ್ಲಿ ಕೆಲಸ ನಡೆಯುವುದು ಮುಖ್ಯ. ಮೂಲ ಕಾರಣವನ್ನು ಆಮೇಲೆ ಹುಡುಕಿದರಾಯಿತು.

ಕರ್ನಲ್‌ಪಾಠ, ರಾಯಚೂರು

ಎಡದಂಡೆ ಅವರು ಕಂಡದ್ದನ್ನೆಲ್ಲ ಬರೆದದ್ದು ಬಹಳ ಉಪಕಾರವಾಯಿತು. ನನ್ನ ಪ್ರಕಾರ ತಪ್ಪು ಆ ಮೂರು ಸಾಧನಗಳದ್ದಲ್ಲ, ಪಟ್ಟಿಯಲ್ಲಿ ಹೆಸರೇ ಇಲ್ಲದ ನಾಲ್ಕನೆಯದ್ದು. ಕಾರಣವನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ಪಿಸಿಐ ವ್ಯವಸ್ಥೆಯಲ್ಲಿ ಹಲವು ಸಾಧನಗಳು ಒಂದೇ ಇಂಟರಪ್ಟ್ ತಂತಿಯನ್ನು ಹಂಚಿಕೊಳ್ಳುವುದು ದೋಷವಲ್ಲ, ಅದನ್ನು ರೂಪಿಸಿದ್ದೇ ಹಾಗೆ. ಯಾವುದಾದರೂ ಸಾಧನಕ್ಕೆ ಗಮನ ಬೇಕಾದಾಗ ಅದು ತಂತಿಯನ್ನು ಕೆಳಗೆ ಎಳೆದು ಹಿಡಿಯುತ್ತದೆ. ಎಳೆದವರು ಯಾರೆಂದು ತಂತಿ ಹೇಳುವುದಿಲ್ಲವಾದ್ದರಿಂದ, ಕರ್ನಲ್ ಆ ತಂತಿಗೆ ನೋಂದಾಯಿಸಿಕೊಂಡ ಡ್ರೈವರ್‌ಗಳನ್ನು ಒಂದೊಂದಾಗಿ ‘ಇದು ನಿನ್ನದೇ?’ ಎಂದು ವಿಚಾರಿಸುತ್ತದೆ. ತನ್ನದೆಂದು ಒಪ್ಪಿದ ಡ್ರೈವರ್ ತನ್ನ ಸಾಧನವನ್ನು ಸಮಾಧಾನಪಡಿಸಿದ ಮೇಲೆ ತಂತಿ ಬಿಡುಗಡೆಯಾಗುತ್ತದೆ. ಎಲ್ಲರೂ ‘ನನ್ನದಲ್ಲ’ ಎಂದರೆ ತಂತಿ ಹಾಗೆಯೇ ಎಳೆದುಕೊಂಡಿರುತ್ತದೆ, ಪ್ರೊಸೆಸರಿಗೆ ಮತ್ತೆ ಮತ್ತೆ ಅದೇ ಕರೆ ಬರುತ್ತದೆ. ಇಂಥ ಒಂದು ಲಕ್ಷ ಕರೆಗಳಲ್ಲಿ 99,900ಕ್ಕಿಂತ ಹೆಚ್ಚು ಕರೆಗಳಿಗೆ ಯಾರೂ ಓಗೊಡದಿದ್ದರೆ ಕರ್ನಲ್ ಆ ತಂತಿಯನ್ನೇ ಮುಚ್ಚಿಬಿಡುತ್ತದೆ. ನಿಮ್ಮ ಯಂತ್ರ ಮೊದಲ ಒಂದೆರಡು ಕ್ಷಣ ಸ್ತಬ್ಧವಾಗುವುದು ಆ ಲಕ್ಷ ಕರೆಗಳ ಹೊಡೆತಕ್ಕೆ. ಆಮೇಲಿನ ಕುಂಟಾಟ ತಂತಿ ಮುಚ್ಚಿದ್ದರ ಫಲ. ಉಪಕಾಲುವೆ ಒಂದು ಕಡೆ ಒಡೆದಾಗ ತೂಬು ಇಳಿಸಿದರೆ ಒಡೆಯದ ಹೊಲಗಳಿಗೂ ನೀರು ನಿಲ್ಲುವಂತೆ, ಯಾವ ತಪ್ಪನ್ನೂ ಮಾಡದ ಯುಎಸ್‌ಬಿ, ಸೀರಿಯಲ್, ಲ್ಯಾನ್ ಮೂರೂ ಇಲ್ಲಿ ಒಣಗುತ್ತಿವೆ.

ಪೂರ್ತಿ ಒಣಗುವುದಿಲ್ಲ ಎಂಬುದಕ್ಕೆ ನಿಮ್ಮ ಪಿಂಗ್ ಅಂಕಿಗಳೇ ಸಾಕ್ಷಿ. ಮುಚ್ಚಿದ ತಂತಿಯ ಡ್ರೈವರ್‌ಗಳನ್ನು ಕರ್ನಲ್ ಸೆಕೆಂಡಿಗೆ ಸುಮಾರು ಹತ್ತು ಬಾರಿ ತಾನಾಗಿ ಹೋಗಿ ಮಾತನಾಡಿಸುತ್ತದೆ. ಅಂದರೆ 100 ಮಿಲಿಸೆಕೆಂಡಿಗೊಮ್ಮೆ. ಆದ್ದರಿಂದ ಉತ್ತರ ನೂರರೊಳಗೆ ಎಲ್ಲಿ ಬೇಕಾದರೂ ಬೀಳುತ್ತದೆ, ಮೌಸ್‌ನ ಬಾಣ ಜಿಗಿಯುತ್ತದೆ. ತೂಕದ ಅಂಕಿಗಳು ತುಂಡಾಗುವುದೂ ಇದರಿಂದಲೇ. ಸೆಕೆಂಡಿಗೆ 9600 ಬಿಟ್ ವೇಗದಲ್ಲಿ ಆ 100 ಮಿಲಿಸೆಕೆಂಡಿನಲ್ಲಿ ಸುಮಾರು 96 ಅಕ್ಷರಗಳು ಬಂದು ಬೀಳುತ್ತವೆ, ಸಾಮಾನ್ಯ 16550 ಮಾದರಿಯ ಸೀರಿಯಲ್ ಚಿಪ್ಪಿನ ಒಡಲು ಹಿಡಿಯುವುದು 16 ಅಕ್ಷರ ಮಾತ್ರ. ಉಳಿದವು ಚೆಲ್ಲಿಹೋಗುತ್ತವೆ. ಇಂಥ ಸ್ಥಿತಿಯಲ್ಲಿ ಪರದೆಯ ಮೇಲೆ ಬಂದ ತೂಕವನ್ನು ನಂಬಿ ದಯವಿಟ್ಟು ಚೀಟಿ ಕೊಡಬೇಡಿ. ಒಂದು ಅಂಕಿ ಕಳೆದರೂ ರೈತನ ಹಣ ಹೋಗುತ್ತದೆ.

ಈಗ ತಂತಿಯನ್ನು ಎಳೆಯುತ್ತಿರುವವರು ಯಾರು? /ಪ್ರಾಕ್/ಇಂಟರಪ್ಟ್ಸ್ ಫೈಲಿನಲ್ಲಿ ಕಾಣುವುದು ಡ್ರೈವರ್ ನೋಂದಾಯಿಸಿದ ಸಾಧನಗಳು ಮಾತ್ರ. ಸುಟ್ಟ ಲ್ಯಾನ್ ಚಿಪ್ಪಿನ ಡ್ರೈವರನ್ನು ಬ್ಲ್ಯಾಕ್‌ಲಿಸ್ಟ್ ಮಾಡಲಾಗಿದೆ, ಆದರೆ ಚಿಪ್ಪಿಗೆ ವಿದ್ಯುತ್ ಹೋಗುತ್ತಲೇ ಇದೆ. ಕೇಬಲ್ ಇಲ್ಲದೆ ಮಿನುಗುವ ಹಸಿರು ದೀಪವೇ ಅದನ್ನು ಹೇಳುತ್ತಿದೆ. ಬಯಾಸ್‌ನಲ್ಲಿ (ಯಂತ್ರ ಹಚ್ಚಿದೊಡನೆ ಮೊದಲು ಓಡುವ ತಂತ್ರಾಂಶ) ನೆಟ್‌ವರ್ಕ್ ಬೂಟ್ ಚಾಲೂ ಇದ್ದರೆ ಯಂತ್ರ ಏಳುವಾಗಲೇ ಅದು ಚಿಪ್ಪನ್ನು ಎಬ್ಬಿಸಿ, ಇಂಟರಪ್ಟ್ ತೆರೆದಿಟ್ಟು ಹೋಗಿರಲೂಬಹುದು. ಚಿಪ್ಪು ಕರೆಯುತ್ತದೆ, ಓಗೊಡುವ ಡ್ರೈವರ್ ಇಲ್ಲ.

ಇದು ಊಹೆಯಾಗಿಯೇ ಉಳಿಯಬೇಕಿಲ್ಲ. ಮುಂದಿನ ಬಾರಿ ಹ್ಯಾಂಗ್ ಆದಾಗ, ರೀಬೂಟ್ ಮಾಡುವ ಮೊದಲು, ರೂಟ್ ಅಧಿಕಾರದಲ್ಲಿ, ಪಿಸಿಐ ಸಾಧನಗಳ ಪಟ್ಟಿ ತೋರಿಸುವ ‘ಎಲ್‌ಎಸ್‌ಪಿಸಿಐ -ವಿವಿ’ ಆಜ್ಞೆ ಕೊಡಿ. ಪ್ರತಿ ಸಾಧನದ ‘ಸ್ಟೇಟಸ್’ ಸಾಲಿನ ಕೊನೆಯಲ್ಲಿ ‘ಐಎನ್‌ಟಿಎಕ್ಸ್’ ಎಂದಿದ್ದು, ಅದರ ಮುಂದೆ ಕೂಡು ಅಥವಾ ಕಳೆ ಚಿಹ್ನೆ ಇರುತ್ತದೆ. ಕೂಡು ಚಿಹ್ನೆ ಇರುವ ಸಾಧನ ಆ ಕ್ಷಣದಲ್ಲಿ ಇಂಟರಪ್ಟ್ ಕೇಳುತ್ತಿದೆ ಎಂದರ್ಥ. ಮತ್ತೆ ಮತ್ತೆ ಕೊಟ್ಟು ನೋಡಿ. ಕೆಲಸ ಮಾಡುತ್ತಿರುವ ಕಾರ್ಡುಗಳಲ್ಲಿ ಅದು ಬಂದು ಹೋಗುತ್ತದೆ, ತಪ್ಪಿತಸ್ಥನಲ್ಲಿ ಅಂಟಿಕೊಂಡಿರುತ್ತದೆ. ಒಂದು ಎಚ್ಚರಿಕೆ: ಡ್ರೈವರ್ ಇಲ್ಲದ ಸಾಧನದ ಮುಂದೆ ಐಆರ್‌ಕ್ಯೂ ಸಂಖ್ಯೆ 16ರ ಬದಲು 10 ಅಥವಾ 11 ಎಂದು ಕಾಣಬಹುದು. ಅದು ಬಯಾಸ್ ಬರೆದಿಟ್ಟ ಸಂಖ್ಯೆ, ಕರ್ನಲ್ ನಿಜವಾಗಿ ಬಳಸುವ ತಂತಿಯದ್ದಲ್ಲ. ಅದನ್ನು ನೋಡಿ ಆ ಸಾಧನವನ್ನು ಅನುಮಾನದ ಪಟ್ಟಿಯಿಂದ ಬಿಟ್ಟುಬಿಡಬೇಡಿ.

ಯಾವ ಸಾಧನದಲ್ಲಿಯೂ ಕೂಡು ಚಿಹ್ನೆ ಅಂಟಿಕೊಂಡಿಲ್ಲವಾದರೆ ಅನುಮಾನ ಪಿಸಿಐ ಬ್ರಿಡ್ಜ್ ಚಿಪ್ಪಿನ ಮೇಲೆ ಹೋಗುತ್ತದೆ. ಚಿಪ್‌ಸೆಟ್ಟಿನಲ್ಲೇ ಪಿಸಿಐ ಇಲ್ಲದ ಬೋರ್ಡುಗಳಲ್ಲಿ ಆ ಸ್ಲಾಟುಗಳು ಬ್ರಿಡ್ಜ್ ಮೂಲಕವೇ ಪಿಸಿಐ ಎಕ್ಸ್‌ಪ್ರೆಸ್‌ಗೆ ಸೇರುತ್ತವೆ. ಕೆಲವು ಬ್ರಿಡ್ಜ್‌ಗಳು ತಂತಿ ಬಿಡುಗಡೆಯಾದ ಸುದ್ದಿಯನ್ನು ಮೇಲಕ್ಕೆ ಮುಟ್ಟಿಸದೆ ನುಂಗುತ್ತವೆ. ಆಗ ಲ್ಯಾನ್ ಕಾರ್ಡನ್ನಾದರೂ ಪಿಸಿಐ ಎಕ್ಸ್‌ಪ್ರೆಸ್ ಮಾದರಿಗೆ ಬದಲಾಯಿಸುವುದು ಲೇಸು. ಅವು ಎಂಎಸ್‌ಐ ಎಂಬ ಸಂದೇಶ ರೂಪದ ಇಂಟರಪ್ಟ್ ಬಳಸುವುದರಿಂದ ತಂತಿಯ ಹಂಗೇ ಇರುವುದಿಲ್ಲ.

ಸಿಂಧನೂರಿನ ಮಿತ್ರರ ಆತುರ ನನಗೆ ಅರ್ಥವಾಗುತ್ತದೆ, ಆದರೂ ಆ ಎರಡು ಸಲಹೆಗಳನ್ನು ಒಪ್ಪಲಾರೆ. ‘ಐಆರ್‌ಕ್ಯೂಪೋಲ್’ ಇರುವುದು ತೀರಾ ಕೆಟ್ಟ ಬಯಾಸ್ ಇರುವ ಯಂತ್ರಗಳನ್ನು ಹೇಗಾದರೂ ನಡೆಸುವುದಕ್ಕೆ. ಅದು ಯಾರದ್ದೂ ಅಲ್ಲದ ಕರೆ ಬಂದಾಗಲೂ, ಗಡಿಯಾರದ ಪ್ರತಿ ಬಡಿತಕ್ಕೂ ಎಲ್ಲ ಡ್ರೈವರ್‌ಗಳನ್ನು ಎಬ್ಬಿಸುತ್ತದೆಯೇ ಹೊರತು ಡ್ರೈವರೇ ಇಲ್ಲದ ಚಿಪ್ಪನ್ನು ಸುಮ್ಮನಾಗಿಸಲಾರದು. ‘ನೋಎಪಿಕ್’ ಹಾಕಿದರೆ ಯಂತ್ರ ಹಳೆಯ ಕಾಲದ 15 ಇಂಟರಪ್ಟ್‌ಗಳ ವ್ಯವಸ್ಥೆಗೆ ಮರಳುತ್ತದೆ. ಇರುವ ಹಂಚಿಕೆ ಕಡಿಮೆಯಾಗುವ ಬದಲು ಹೆಚ್ಚುತ್ತದೆ.

ಎಡದಂಡೆ, ಗಂಗಾವತಿ

ಗುರುಗಳೇ, ತಾವು ಹೇಳಿದ್ದೇ ನಿಜವಾಯಿತು. ಹ್ಯಾಂಗ್ ಆದಾಗ ಪಿಎಸ್/2 ಕೀಬೋರ್ಡಿನಿಂದಲೇ ಆಜ್ಞೆ ಕೊಟ್ಟು ನೋಡಿದೆ. ಕೂಡು ಚಿಹ್ನೆ ಅಂಟಿಕೊಂಡಿದ್ದದ್ದು ಸುಟ್ಟ ಲ್ಯಾನ್ ಚಿಪ್ಪಿನ ಮುಂದೆ, ಅದೂ ಐಆರ್‌ಕ್ಯೂ 11 ಎಂಬ ಸಂಖ್ಯೆಯ ಜೊತೆಗೆ. ತಾವು ಎಚ್ಚರಿಸದಿದ್ದರೆ ಅದನ್ನು ದಾಟಿ ಮುಂದೆ ಹೋಗುತ್ತಿದ್ದೆ.

ಬಯಾಸ್‌ನಲ್ಲಿ ಆನ್‌ಬೋರ್ಡ್ ಲ್ಯಾನ್ ಹಾಗೂ ನೆಟ್‌ವರ್ಕ್ ಬೂಟ್ ಎರಡನ್ನೂ ಡಿಸೇಬಲ್ ಮಾಡಿದೆ. ಈಗ ಎಲ್‌ಎಸ್‌ಪಿಸಿಐ ಪಟ್ಟಿಯಲ್ಲಿ ಆ ಚಿಪ್ಪು ಕಾಣುವುದೇ ಇಲ್ಲ, ಹಸಿರು ದೀಪವೂ ಆರಿದೆ. ಎರಡೂ ಕಾರ್ಡುಗಳು ಇದ್ದ ಸ್ಲಾಟಿನಲ್ಲೇ ಇವೆ, 16ನೇ ತಂತಿಯನ್ನು ಮೂರೂ ಸಾಧನಗಳು ಮೊದಲಿನಂತೆಯೇ ಹಂಚಿಕೊಂಡಿವೆ. ಅದಾದ ಮೇಲೆ ‘ನೋಬಡಿ ಕೇರ್ಡ್’ ಸಂದೇಶ ಬಂದಿಲ್ಲ. ಇಂಡಿಕೇಟರ್‌ನಲ್ಲಿ ಕಂಡ ತೂಕವನ್ನೂ ಚೀಟಿಯ ತೂಕವನ್ನೂ ಪ್ರತಿ ವಾಹನಕ್ಕೂ ತಾಳೆ ನೋಡುತ್ತಿದ್ದೇವೆ, ವ್ಯತ್ಯಾಸವಿಲ್ಲ. ಹ್ಯಾಂಗ್ ಆಗುತ್ತಿದ್ದ ದಿನಗಳ ಚೀಟಿಗಳನ್ನು ರಿಜಿಸ್ಟರಿನ ಜೊತೆ ಹೋಲಿಸುವಂತೆ ಗುಮಾಸ್ತರಿಗೆ ಹೇಳಿದ್ದೇನೆ.

ಇನ್ನೊಂದು ಸಿಡಿಲಿಗೆ ಈ ಕಾರ್ಡೂ ಹೋಗದಂತೆ ಏನು ಮಾಡಬಹುದು? ಲ್ಯಾನ್ ಕೇಬಲ್ ಕಚೇರಿಯಿಂದ ವೇಬ್ರಿಡ್ಜ್ ಕೋಣೆಗೆ ಬಯಲಿನಲ್ಲಿ ಕಂಬದ ಮೇಲೆ ಬರುತ್ತದೆ.

ಬೋರ್ಡ್‌ರಿಪೇರಿ, ಬಳ್ಳಾರಿ

ಹೊಡೆತ ಬಂದಿರುವುದು ಬಹುತೇಕ ಆ ಕಂಬದ ಕೇಬಲ್ಲಿನಿಂದಲೇ. ಬಯಲಿನಲ್ಲಿ ಎಳೆದ ತಾಮ್ರದ ಕೇಬಲ್ಲಿಗೆ ನೇರ ಸಿಡಿಲು ಬೀಳಬೇಕೆಂದಿಲ್ಲ, ಹತ್ತಿರದಲ್ಲಿ ಬಿದ್ದರೂ ಸಾಕು. ಆ ದೂರಕ್ಕೆ, ಒಳಗೆ ಲೋಹದ ತಂತಿ ಇಲ್ಲದ ಫೈಬರ್ ಹಾಕಿಸಿ, ಎರಡೂ ತುದಿಗೆ ಮೀಡಿಯಾ ಕನ್ವರ್ಟರ್ ಇಡಿಸಿ. ಇಂಡಿಕೇಟರ್‌ನ ಸೀರಿಯಲ್ ಕೇಬಲ್ಲಿಗೆ, ಎರಡು ಬದಿಯ ವಿದ್ಯುತ್ತನ್ನು ಬೇರ್ಪಡಿಸುವ ಆಪ್ಟೋ ಐಸೊಲೇಟರ್ ಹಾಕಿಸಿ, ವೇಬ್ರಿಡ್ಜ್‌ನ ಅರ್ಥಿಂಗ್ ಗುಂಡಿಯನ್ನು ಎಲೆಕ್ಟ್ರಿಷಿಯನ್ನರಿಂದ ಅಳೆಸಿ. ಬಯಾಸ್ ಬ್ಯಾಟರಿ ಹಳೆಯದಾಗಿದ್ದರೆ ಅದನ್ನೂ ಈಗಲೇ ಬದಲಾಯಿಸಿ. ಅದು ಸೋತರೆ ಸೆಟ್ಟಿಂಗ್‌ಗಳು ಮೊದಲಿನ ಸ್ಥಿತಿಗೆ ಮರಳಿ, ಡಿಸೇಬಲ್ ಮಾಡಿದ ಲ್ಯಾನ್ ಮತ್ತೆ ಚಾಲೂ ಆಗುತ್ತದೆ.