ಬೋಗಿ ಇಲ್ಲದ ಬೋಗಿಗೆ ಏನನ್ನೋಣ?

ವೇಲ್ಸ್‌ನ ಫೆಸ್ಟಿನಿಯೋಗ್ ರೈಲಿನ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಅಲ್ಲಿ ನೂರೈವತ್ತು ವರ್ಷ ದಾಟಿದ ಗಾಡಿಗಳನ್ನು ಸರಿಮಾಡಿ ಮತ್ತೆ ಹಳಿಗೆ ತರುತ್ತಾರೆ. ಕೆಲಸ ಮಾಡುವವರಲ್ಲಿ ಸಂಬಳವಿಲ್ಲದೆ ಬರುವ ಸ್ವಯಂಸೇವಕರು ಬಹಳ ಜನ. ಬರವಣಿಗೆ ಸಲೀಸಾಗಿ ಸಾಗಿತ್ತು. ‘ಬೋಗಿ’ ಅನ್ನುವ ಪದ ಬಂದಾಗ ನಿಂತುಹೋಯಿತು. ತಿಳಿದವರು ದಾರಿ ತೋರಿಸಬೇಕು.

ನಮಗೆ ಬೋಗಿ ಅಂದರೆ ಇಡೀ ಡಬ್ಬಿ. ‘ಎಸ್-5 ಬೋಗಿ ಎಲ್ಲಿ ನಿಲ್ಲುತ್ತೆ?’ ಅಂತ ಪ್ಲಾಟ್‌ಫಾರ್ಮಿನಲ್ಲಿ ಕೇಳುತ್ತೇವೆ. ‘ಹಳಿ ತಪ್ಪಿದ ಬೋಗಿಗಳು’ ಅಂತ ಪತ್ರಿಕೆಗಳು ಬರೆಯುತ್ತವೆ. ಆದರೆ ರೈಲು ಕಟ್ಟುವವರಿಗೆ ಬೋಗಿ ಅಂದರೆ ಡಬ್ಬಿಯ ಕೆಳಗಿರುವ ಚಕ್ರಗಳ ಚೌಕಟ್ಟು. ಸಾಮಾನ್ಯವಾಗಿ ಎರಡು ಅಚ್ಚು, ನಾಲ್ಕು ಚಕ್ರ. ಡಬ್ಬಿಯ ಮುಂದೊಂದು, ಹಿಂದೊಂದು. ತಿರುವು ಬಂದಾಗ ಈ ಚೌಕಟ್ಟು ತನ್ನಷ್ಟಕ್ಕೆ ತಿರುಗುತ್ತದೆ, ಮೇಲಿನ ಡಬ್ಬಿ ಅದರ ಹಿಂದೆ ಬರುತ್ತದೆ. ಅಚ್ಚು ತಿರುಗದ ಗಾಡಿಯ ಕಷ್ಟ ಏನು ಅಂತ ಊರ ತೇರು ಎಳೆದವರಿಗೆ ಗೊತ್ತು. ಬೀದಿ ತಿರುವಿನಲ್ಲಿ ಚಕ್ರಕ್ಕೆ ಮರದ ತುಂಡು ಒಡ್ಡಿ ಒಡ್ಡಿ ಅದನ್ನು ಹೊರಳಿಸಬೇಕು.

ಸುಮ್ನೆ ‘ಡಬ್ಬಿ’ ಅಂತ ಬರೆದುಬಿಡಬಹುದಲ್ವಾ ಅನ್ನಬಹುದು. ಬೇರೆ ರೈಲಾಗಿದ್ದರೆ ಹಾಗೇ ಮಾಡುತ್ತಿದ್ದೆ. ಈ ರೈಲಿನ ಕಥೆಯಲ್ಲಿ ಮಾತ್ರ ಎರಡೂ ಅರ್ಥ ಒಂದೇ ಸಾಲಿನಲ್ಲಿ ಎದುರಾಗುತ್ತವೆ.

ಈ ಹಳಿ ಶುರುವಾದದ್ದು 1836ರಲ್ಲಿ. ಮನೆ ಮಾಡಿಗೆ ಹೊದಿಸುವ ಸ್ಲೇಟ್ ಕಲ್ಲನ್ನು ಬ್ಲೈನೈ ಫೆಸ್ಟಿನಿಯೋಗ್‌ನ ಗಣಿಗಳಿಂದ ಪೋರ್ಥ್‌ಮಡೋಗ್ ಬಂದರಿಗೆ ಇಳಿಸಬೇಕಿತ್ತು. ಹಳಿಗಳ ನಡುವೆ ಎರಡಡಿಯೂ ಇಲ್ಲ. ದಾರಿಯುದ್ದಕ್ಕೂ ಬಂದರಿನ ಕಡೆಗೆ ಇಳಿಜಾರು. ತುಂಬಿದ ವ್ಯಾಗನ್‌ಗಳು ಇಂಜಿನ್ ಇಲ್ಲದೆ ತಮ್ಮ ಭಾರಕ್ಕೇ ಉರುಳಿ ಬರುತ್ತಿದ್ದವು. ಮೇಲೆ ಕೂತವರು ಬ್ರೇಕ್ ಹಿಡಿಯುತ್ತಿದ್ದರು. ಖಾಲಿ ವ್ಯಾಗನ್ ಎಳೆದುಕೊಂಡು ಬೆಟ್ಟ ಹತ್ತಬೇಕಾದ ಕುದುರೆಗಳೂ ಅದೇ ರೈಲಿನಲ್ಲಿ, ತಮ್ಮದೇ ಒಂದು ವ್ಯಾಗನ್‌ನಲ್ಲಿ ನಿಂತು ಕೆಳಗೆ ಬರುತ್ತಿದ್ದವು. ಆ ಕುದುರೆ ವ್ಯಾಗನ್‌ಗೆ ಅವರು ‘ಡ್ಯಾಂಡಿ’ ಅನ್ನುತ್ತಿದ್ದರು. ಅದನ್ನು ಹಾಗೇ ಇಟ್ಟುಕೊಂಡಿದ್ದೇನೆ, ಬದಲಿಸುವ ಮನಸ್ಸಿಲ್ಲ.

1863ರಲ್ಲಿ ಉಗಿ ಇಂಜಿನ್ ಬಂತು. ಆಮೇಲೆ ಪ್ರಯಾಣಿಕರಿಗಾಗಿ ನಾಲ್ಕೇ ಚಕ್ರದ ಪುಟ್ಟ ಗಾಡಿಗಳು ಬಂದವು. ಕಿರಿದಾದ ಹಳಿಯ ಮೇಲೆ ಮಗುಚಬಾರದು ಅಂತ ಅವುಗಳನ್ನು ನೆಲಕ್ಕೆ ಹತ್ತಿರವಾಗಿ ಕಟ್ಟಿದರು. ಕೆಲವದರಲ್ಲಿ ನಡುವೆ ಒಂದು ಉದ್ದ ಬೆಂಚು. ಜನ ಬೆನ್ನಿಗೆ ಬೆನ್ನು ಕೊಟ್ಟು ಹೊರಗಡೆ ಮುಖ ಮಾಡಿ ಕೂರಬೇಕು. ಇವುಗಳಲ್ಲಿ ಬೋಗಿ ಇಲ್ಲ, ಅಚ್ಚು ನೇರವಾಗಿ ಗಾಡಿಗೇ ಕೂತಿದೆ. 1872ರಲ್ಲಿ 15 ಮತ್ತು 16ನೇ ನಂಬರಿನ ಎರಡು ಉದ್ದ ಗಾಡಿಗಳನ್ನು ಕಟ್ಟಿಸಿದರು. ಬ್ರಿಟನ್ನಿನಲ್ಲಿ ಕಬ್ಬಿಣದ ಅಡಿಗಟ್ಟಿನ ಬೋಗಿ ಗಾಡಿಗಳು ಅಂದರೆ ಇವೇ ಮೊದಲು. ಇವತ್ತಿಗೂ ಓಡುತ್ತಿವೆ.

ಈಗ ನನ್ನ ಲೇಖನದ ಸಾಲು ನೋಡಿ: ‘ಹಳೆಯ ಬೋಗಿಗಳಿಗೆ ಬೋಗಿ ಇರಲಿಲ್ಲ, 1872ರ ಬೋಗಿಗಳಿಗೆ ಎರಡೆರಡು ಬೋಗಿ ಇದ್ದವು.’ ಓದುಗರಿಗೆ ಏನು ಅರ್ಥವಾಗಬೇಕು?

ಈ ಗೊಂದಲ ಹೇಗೆ ಹುಟ್ಟಿತು ಅನ್ನುವುದಕ್ಕೆ ನನ್ನದೊಂದು ಊಹೆ ಇದೆ. ನಾಲ್ಕು ಚಕ್ರದ ಗಾಡಿಗಳೇ ಜಾಸ್ತಿ ಇದ್ದ ಕಾಲದಲ್ಲಿ ಉದ್ದನೆಯ ಹೊಸ ಗಾಡಿಯನ್ನು ‘ಬೋಗಿ ಕ್ಯಾರಿಯೇಜ್’ ಅಂತ ಬೇರೆಯಾಗಿ ಗುರುತಿಸುತ್ತಿದ್ದರು. ನಮ್ಮ ಬಾಯಲ್ಲಿ ಎರಡನೆಯ ಪದ ಬಿದ್ದುಹೋಗಿ ಮೊದಲನೆಯದೇ ಇಡೀ ಗಾಡಿಯ ಹೆಸರಾಯಿತು. ಹಿಂದಿಯಲ್ಲೂ ಹೀಗೇ ಆಗಿದೆ. ಇದನ್ನು ತಪ್ಪು ಬಳಕೆ ಅನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ಇಷ್ಟು ಜನ ಇಷ್ಟು ಕಾಲ ಆಡಿದ ಮೇಲೆ ಅದು ಕನ್ನಡದ ಅರ್ಥವೇ.

ಹಾಗಾದರೆ ಕೆಳಗಿನ ಚೌಕಟ್ಟಿಗೆ ಏನನ್ನೋಣ? ರೈಲ್ವೆ ವರ್ಕ್‌ಶಾಪಿನವರು ‘ಟ್ರಾಲಿ’ ಅನ್ನುವುದುಂಟು. ಮಾತು ಚೆನ್ನಾಗಿದೆ. ಆದರೆ ನಮ್ಮವರಿಗೆ ಟ್ರಾಲಿ ಅಂದರೆ ಟ್ರ್ಯಾಕ್ಟರ್ ಹಿಂದಿನದು, ಇಲ್ಲವೇ ಹಳಿ ನೋಡಲು ತಳ್ಳಿಕೊಂಡು ಹೋಗುವುದು. ‘ಚಕ್ರದ ಚೌಕಟ್ಟು’ ಅಂದರೆ ಯಾರಿಗಾದರೂ ತಿಳಿಯುತ್ತದೆ, ಆದರೆ ಅದು ಹೆಸರಲ್ಲ, ವಿವರಣೆ. ಹುಬ್ಬಳ್ಳಿ, ಮೈಸೂರಿನ ವರ್ಕ್‌ಶಾಪುಗಳಲ್ಲಿ ಡಬ್ಬಿ ಎತ್ತಿ ಅದನ್ನು ಹೊರಗೆಳೆದವರು ತಮ್ಮೊಳಗೆ ಕನ್ನಡದಲ್ಲಿ ಏನೆಂದು ಕರೆಯುತ್ತಾರೆ? ನಿಮ್ಮ ಮನೆಯಲ್ಲಿ ಅಂಥ ಹಿರಿಯರಿದ್ದರೆ ದಯವಿಟ್ಟು ಕೇಳಿ ತಿಳಿಸಿ. ನಾನು ಕೂತು ಕಟ್ಟಿದ ಪದಕ್ಕಿಂತ ಅವರ ಕೈಯಲ್ಲಿ ಸವೆದ ಪದವೇ ಬೇಕು.

ಇನ್ನೊಂದು ಪದವೂ ಕಾಡುತ್ತಿದೆ. ಈ ರೈಲು 1946ರಲ್ಲಿ ನಿಂತುಹೋಗಿತ್ತು. 1954ರಲ್ಲಿ ಆಲನ್ ಪೆಗ್ಲರ್ ಅನ್ನುವ ರೈಲುಪ್ರೇಮಿ ಉದ್ಯಮಿ ಕಂಪನಿಯನ್ನು ಕೈಗೆ ತೆಗೆದುಕೊಂಡ ಮೇಲೆ, 1955ರಿಂದ ಸ್ವಲ್ಪ ಸ್ವಲ್ಪ ದೂರ ಓಡತೊಡಗಿ, 1982ಕ್ಕೆ ಬ್ಲೈನೈವರೆಗೆ ಪೂರ್ತಿ ತಲುಪಿತು. ಬಾಸ್ಟನ್ ಲಾಡ್ಜ್ ಅನ್ನುವ ಅವರ ವರ್ಕ್‌ಶಾಪಿನಲ್ಲಿ ಮಾಡುವ ಕೆಲಸಕ್ಕೆ ‘ರಿಪೇರಿ’ ಅಂದರೆ ಕಡಿಮೆಯಾಯಿತು. ‘ಪುನಶ್ಚೇತನ’ ಸರ್ಕಾರಿ ಯೋಜನೆಯಂತೆ ಕೇಳುತ್ತದೆ. ‘ಜೀರ್ಣೋದ್ಧಾರ’ ಎಲ್ಲರಿಗೂ ಗೊತ್ತಿರುವ ಪದ, ಬರೆಯಲು ಆಸೆ. ಆದರೆ ಈಚೆಗೆ ಎಷ್ಟೋ ಊರುಗಳಲ್ಲಿ ಜೀರ್ಣೋದ್ಧಾರ ಅಂದರೆ ಹಳೇ ಕಲ್ಲುಗುಡಿ ಕೆಡವಿ ಕಾಂಕ್ರೀಟ್ ಹಾಕಿ ಟೈಲ್ಸ್ ಅಂಟಿಸುವುದು. ನೋಡಿ ಹೊಟ್ಟೆ ಉರಿಯುತ್ತದೆ. ಹಳೇ ಗಾಡಿ ಉಳಿಸುವವರ ಕೆಲಸ ಇದಕ್ಕೆ ಪೂರಾ ಉಲ್ಟಾ. ಒಂದು ಮರದ ಕಂಬದ ಬುಡ ಕೊಳೆತಿದ್ದರೆ ಕೊಳೆತಷ್ಟನ್ನೇ ಕತ್ತರಿಸಿ ಹೊಸ ಮರ ಕೂಡಿಸುತ್ತಾರೆ. ಬಣ್ಣ ಕೆರೆಯುವಾಗಲೂ ಕೆಳಗಿನ ಪದರದ ಬಣ್ಣ ಯಾವುದು, ಅಕ್ಷರ ಯಾವುದು ಅಂತ ಬರೆದಿಟ್ಟುಕೊಳ್ಳುತ್ತಾರೆ. ಹಳೆಯದನ್ನು ಉಳಿಸಿಕೊಂಡೇ ಸರಿಮಾಡುವುದು ಅನ್ನುವ ಅರ್ಥ ಆ ಒಂದೇ ಪದದಲ್ಲಿ ಬರಬೇಕು.

ನನ್ನ ಸದ್ಯದ ತೀರ್ಮಾನ ಹೀಗಿದೆ. ಗಾಡಿಗೆ ಎಲ್ಲ ಕಡೆ ‘ಡಬ್ಬಿ’, ಕೆಳಗಿನದಕ್ಕೆ ‘ಬೋಗಿ’. ಮೊದಲ ಸಲ ಬಂದಾಗ ಒಂದು ಸಾಲಿನ ವಿವರಣೆ. ‘ಬೋಗಿ ಅಂದರೆ ಡಬ್ಬಿ ತಾನೇ’ ಅಂತ ಬೆಳೆದವರಿಗೆ ಇದು ಓದುವಾಗ ತೊಡಕಾಗುತ್ತದೆಯೇ, ಅಥವಾ ಆ ಒಂದು ಸಾಲು ಸಾಕೇ? ಉದ್ಧಾರದ ಪದಕ್ಕೂ ನಿಮ್ಮ ಕಡೆಯ ಬಡಗಿಗಳು, ತೇರು ಕಟ್ಟುವವರು ಬಳಸುವ ಮಾತಿದ್ದರೆ ಊರಿನ ಹೆಸರಿನೊಂದಿಗೆ ಬರೆಯಿರಿ.